ಹಬ್ಬಕ್ಕೆ ಡಿಲೀಟಾದ ಕರ್ನಲ್

ಗಣಿ ಯಾರ್ಡುಗಳ ಕಂಪ್ಯೂಟರ್ ರಿಪೇರಿಗೆಂದು ಹೊಸಪೇಟೆಯಿಂದ ಬೈಕಿನಲ್ಲಿ ತಿರುಗುವವನು ನಾನು. ಯಂತ್ರ ಕೆಟ್ಟಿದೆ ಎಂದರೆ ಗಾಬರಿಯಾಗುವುದಿಲ್ಲ. ಅದನ್ನು ಯಾರೋ ಪ್ರೀತಿಯಿಂದ ಸರಿಮಾಡಿಟ್ಟಿದ್ದಾರೆ ಎಂದರೆ ಎದೆ ಧಸಕ್ಕೆನ್ನುತ್ತದೆ. ಇಂಥದ್ದು ಆಗುತ್ತಲೇ ಇರುತ್ತದೆ. ಈ ಸಲ ಆಯುಧಪೂಜೆ ಮುಗಿದ ವಾರದಲ್ಲಿ ಆದದ್ದು ಮಾತ್ರ ಅತಿಯಾಯಿತು.

ಒಳಗೂ ಸ್ವಚ್ಛ

ಯಶವಂತನಗರದ ಹತ್ತಿರ ಒಂದು ಯಾರ್ಡು. ಅದಿರಿನ ಲಾರಿ ತೂಗುವ ಕಾಟಾ ಬೆಳಿಗ್ಗೆಯಿಂದ ಸೊನ್ನೆ ತೋರಿಸುತ್ತಿದೆ ಎಂದು ಸೂಪರ್‌ವೈಸರ್ ಫೋನು ಮಾಡಿದರು. ಹೋಗಿ ನೋಡಿದರೆ ಕಾಟಾದ ಕಂಪ್ಯೂಟರಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಒಳಗೆ ಅಪ್‌ಗ್ರೇಡ್ ಆಗಿ ಹೊಸ ಕರ್ನಲ್ ಬಂದು ಕೂತಿದೆ. ಕರ್ನಲ್ ಎಂದರೆ ಯಂತ್ರದೊಳಗಿನ ಯಜಮಾನ. ಕಾಟಾದ ಮಾತನ್ನು ಅವನಿಗೆ ಮುಟ್ಟಿಸುವ ಸಣ್ಣ ಪ್ರೋಗ್ರಾಮಿಗೆ ಮಾಡ್ಯೂಲ್ ಎನ್ನುತ್ತೇವೆ. ಹಳೆಯ ಯಜಮಾನನಿಗೆಂದು ಮಾಡಿದ ಮಾಡ್ಯೂಲನ್ನು ಹೊಸಬ ಹೊಸಿಲು ದಾಟಲು ಬಿಡುತ್ತಿಲ್ಲ.

"ಹೋಗ್ಲಿ ಬಿಡ್ರಿ, ಹಳೇ ಕರ್ನಲ್‌ನಾಗ ಚಾಲು ಮಾಡೋಣು," ಎಂದೆ.

"ಅದೆಲ್ಲೈತ್ರೀ? ಹಬ್ಬಕ್ಕ ಹಳೇವೆಲ್ಲಾ ಡಿಲೀಟ್ ಹೊಡದೀನಿ. ಹೊರಗ ಒರೆಸಿ, ಒಳಗೂ ಸ್ವಚ್ಛ ಮಾಡೀನ್ರಿ!" ಎಂದರು ಸೂಪರ್‌ವೈಸರ್.

ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಪ್ರಸಾದಕ್ಕೆಂದು ತಿಳಿದು ಅವರು ಒಂದು ಚೂರು ಕೊಬ್ಬರಿ ಹಾಕಿದರು.

ಇನ್ನೂ ಹೊಸದು

ಕಾಟಾದ ಮೇಲೆ ನಿಂತಿದ್ದ ಲಾರಿಯ ಡ್ರೈವರ್ ಕಂಪ್ಲಿಯವನು. ತೂಕದ ಚೀಟಿಯಿಲ್ಲದೆ ಗೇಟು ದಾಟುವಂತಿಲ್ಲ. "ಸರ್, ಸಂಜಿಗೆ ಹೊಸಪ್ಯಾಟ್ಯಾಗ ನನ್ನ ನಿಶ್ಚಿತಾರ್ಥ ಐತ್ರಿ. ಹುಡುಗಿ ಅಪ್ಪ ಭಾಳ ಸಿಟ್ಟಿನಾಂವ, ಕಂಪ್ಯೂಟರ್ ಕೆಟ್ಟೈತಿ ಅಂತ ಫೋನ್ ಮಾಡಿದ್ರ ನಂಬವಲ್ಲ. ಜಲ್ದಿ ಮಾಡ್ರಿ," ಎಂದು ಅಳುವಂತಾದ.

ಹೊಸ ಕರ್ನಲ್ಲಿಗೆ ತಕ್ಕಂತೆ ಮಾಡ್ಯೂಲನ್ನು ಮತ್ತೆ ಕಟ್ಟಿ ಏರಿಸಿದೆ. ಯಂತ್ರವೇ ಕುಸಿದು ನಿಂತುಹೋಯಿತು. ಪರದೆ ತುಂಬ ಅಂಕಿಗಳು. ಯಾವ ಅಂಕಿ ಪ್ರೋಗ್ರಾಮಿನ ಯಾವ ಭಾಗ ಎಂದು ಹೆಸರು ಹೇಳಲು ಡಿಬಗ್ ಸಿಂಬಲ್ಸ್ ಎಂಬ ಫೈಲು ಬೇಕು, ಅದೂ ಅದೇ ಕರ್ನಲ್ಲಿನದೇ ಆಗಬೇಕು. ಇಂಟರ್‌ನೆಟ್ ಸಿಗುವುದು ಅದಿರಿನ ಗುಡ್ಡೆಯ ತುದಿಯಲ್ಲಿ ಮಾತ್ರ. ಕರ್ನಲ್ಲಿನ ನಂಬರ್ ಹೇಳಿ, ಆ ಫೈಲನ್ನು ಫೋನಿಗೆ ಇಳಿಸಿಕೊಂಡು ಬರಲು ಸೂಪರ್‌ವೈಸರನ್ನು ಹತ್ತಿಸಿದೆ. ಮೈಯೆಲ್ಲ ಕೆಂಪಾಗಿ ಇಳಿದು ಬಂದರು.

"ನೀವು ಹೇಳಿದ ನಂಬರ್ ಹಳೇದ್ರಿ. ಅದಕ್ಕಿಂತ ಹೊಸದು ತಂದೀನಿ!"

"ಅಯ್ಯೋ, ನಮ್ಮ ಕರ್ನಲ್‌ದಾ ಬೇಕ್ರಿ!"

ಅವರು ಬೆಚ್ಚಿಬಿದ್ದರು. "ಹಂಗಾರ ನಮ್ಮ ಕರ್ನಲ್ ಆಗ್ಲೇ ಹಳೇದಾತೇನ್ರಿ? ಡಿಲೀಟ್ ಹೊಡೀಲೇನು?"

ನಾನು ಹಾರಿ ಮೌಸ್ ಕಿತ್ತುಕೊಂಡೆ.

ಬೀಗರ ತೂಕ

ಈ ಸಲ ನಾನೇ ಗುಡ್ಡೆ ಹತ್ತಿ ಸರಿಯಾದ ಫೈಲು ತಂದೆ. ಅಂಕಿಗಳಿಗೆ ಹೆಸರು ಬಂತು, ತಪ್ಪಿದ ಸಾಲು ಸಿಕ್ಕಿತು. ತಿದ್ದುತ್ತಾ ಕೂತಿರುವಾಗ ಯಾರ್ಡಿನೊಳಗೆ ಒಂದು ಟೆಂಪೋ ಬಂತು. ರೇಷ್ಮೆ ಸೀರೆಗಳು, ಹಣ್ಣಿನ ತಟ್ಟೆಗಳು, ಹುಡುಗಿ, ಹುಡುಗಿಯ ಅಪ್ಪ!

"ಕಂಪ್ಯೂಟರ್ ಕೆಟ್ಟೈತಿ ಅಂತ ಸುಳ್ಳು ಹೇಳ್ತೀ ಏನಲೇ ಅಂತ ನೋಡಾಕ ಬಂದೀವಿ," ಎಂದು ಅವರು ಗುಡುಗಿದರು. ಡ್ರೈವರ್ ನನ್ನ ಕಡೆ ಕೈ ತೋರಿಸಿದ. ನನ್ನ ಮುಖ ನೋಡಿದ ಮೇಲೆ ಅವರಿಗೆ ನಂಬಿಕೆ ಬಂತು. "ಮುಹೂರ್ತ ಮೀರತೈತಿ, ಇಲ್ಲೇ ಮುಗಿಸೋಣು ಬರ್ರಿ," ಎಂದರು. ಇಡೀ ಯಾರ್ಡಿನಲ್ಲಿ ನೆರಳೆಂದರೆ ಆ ಲಾರಿಯದೇ. ಎಲ್ಲರೂ ಅದರ ಪಕ್ಕ, ಕಾಟಾದ ಮೇಲೇ ನಿಂತರು.

ಅಲ್ಲಿ ತಾಂಬೂಲ ಬದಲಾಗುವುದಕ್ಕೂ ಇಲ್ಲಿ ಮಾಡ್ಯೂಲ್ ಕೂರುವುದಕ್ಕೂ ಸರಿಹೋಯಿತು. ಕಾಟಾ ಜೀವ ತಳೆದು ಸೈರನ್ ಹೊಡೆಯಿತು. ನನಗೆ ಕುಣಿಯುವಷ್ಟು ಖುಷಿ. ಬೀಗರೆಲ್ಲ ಎಲೆ ಅಡಿಕೆ ಹಿಡಿದವರು ಹಿಡಿದಂತೆಯೇ ಕಲ್ಲಾದರು. ಸೂಪರ್‌ವೈಸರ್ ಮೈಕಿನಲ್ಲಿ ಕೂಗಿದರು: "ಓವರ್‌ಲೋಡ್! ಓವರ್‌ಲೋಡ್! ಬೀಗರೆಲ್ಲಾ ಕೆಳಗಿಳೀರಿ!"

ಹುಡುಗಿಯ ಅಪ್ಪ ಕಣ್ಣರಳಿಸಿ ಅಳಿಯನತ್ತ ತಿರುಗಿದರು: "ಕೊಡೋದು ತಗೊಳೋದು ಏನೂ ಬ್ಯಾಡ ಅಂದಿದ್ದಿ. ಮತ್ತ ನಮ್ಮನ್ಯಾಕ ತೂಗಾಕ ಹತ್ತೀಯಲೇ?"