ಹಂಡೆಯ ನಲ್ಲಿ ಸೋರದಂತೆ ಬಿಗಿದು ಅಕ್ಕನವರನ್ನು ಬಿಡುಗಡೆ ಮಾಡುವ ಕುರಿತು

ಸಂಖ್ಯೆ: ಸಿಕ್ಷೇ/ಹಂಡೆ/ನಲ್ಲಿ/ಸೋರಿಕೆ/೪

ವಿಷಯ: ಸಿಬ್ಬಂದಿಯ ಬಿಯರ್ ಹಂಡೆಯ ಲೋಹದ ಜಾಯಿಂಟಿನ ದುರಸ್ತಿ ಬಗ್ಗೆ.

ಉಲ್ಲೇಖ: ೧. ಇದೇ ವಿಷಯದ ಹಿಂದಿನ ಸುತ್ತೋಲೆ (ನೆನೆದು ಓದಲಾಗದ ಸ್ಥಿತಿಯಲ್ಲಿದೆ).
೨. ನಿರ್ದೇಶಕರ ಮೌಖಿಕ ಆದೇಶ (ಬರೆದಿಡಲು ಯೋಗ್ಯವಲ್ಲ).

ಕಚೇರಿಯ ಮೇಲಿನ ಮಹಡಿಯ ಅಡುಗೆಕೋಣೆಯಲ್ಲಿ ಸಿಬ್ಬಂದಿ ಕ್ಷೇಮ ಸಂಘದವರು ಬಿಯರ್ ತಯಾರಿಸಲು ಕಾಯಿಸುವ ಉಕ್ಕಿನ ಹಂಡೆಯೊಂದಿದ್ದು, ಅದರ ಉಸ್ತುವಾರಿಯನ್ನು ದಾಖಲೆ ಕೋಣೆಯ ಮೇಲ್ವಿಚಾರಕಿ, ಅಂದರೆ ಎಲ್ಲರೂ ಅಕ್ಕ ಎಂದು ಕರೆಯುವವರು, ಮೊದಲಿನಿಂದಲೂ ನೋಡಿಕೊಂಡು ಬಂದಿರುತ್ತಾರೆ. ಸದರಿಯವರು ನಿವೃತ್ತರಾಗಿದ್ದು, ದೂರದ ಕಡಲ ದಂಡೆಯಲ್ಲಿರುವ ತಂಗಿಯ ಮನೆಗೆ ಹೊರಡಲು ಪೆಟ್ಟಿಗೆ ಕಟ್ಟಿ ಕುಳಿತಿದ್ದಾರೆ. ಆದರೆ ಉಸ್ತುವಾರಿಯ ವಸ್ತುವನ್ನು ಸುಸ್ಥಿತಿಯಲ್ಲಿ ಒಪ್ಪಿಸದ ಹೊರತು ಯಾರಿಗೂ ಬಿಡುಗಡೆ ಇಲ್ಲವೆಂಬುದು ನಿಯಮ. ಹಂಡೆಗೆ ನಲ್ಲಿ ಕೂರಿಸಿದ ಜಾಗದಲ್ಲಿ ಜಾಯಿಂಟು ಸೋರುತ್ತಿದೆ. ಹಾಗಾಗಿ ಅಕ್ಕನವರು ನಿವೃತ್ತರಾದ ಮೇಲೂ ದಿನಾ ಬೆಳಿಗ್ಗೆ ಬಂದು ಹಂಡೆಯ ಪಕ್ಕ ಕೂರುತ್ತಿದ್ದಾರೆ. ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಯ ಗಮನಕ್ಕೆ ತರಲಾಗುವುದೇನೆಂದರೆ:

೧. ಸೋರುವ ಜಾಯಿಂಟಿಗೆ ಕಚೇರಿಯ ಅರಗನ್ನು ಮೆತ್ತತಕ್ಕದ್ದಲ್ಲ. ರವಾನೆ ವಿಭಾಗದವರು ಮೆತ್ತಿದ್ದಲ್ಲದೆ, ಅಭ್ಯಾಸಬಲದಿಂದ ಅದರ ಮೇಲೆ ಇಲಾಖೆಯ ಮೊಹರನ್ನೂ ಒತ್ತಿರುತ್ತಾರೆ. ಮೊಹರು ಒಡೆಯಲು ಅನುಮತಿ ಬೇಕಾದ್ದರಿಂದ ನಲ್ಲಿ ತಿರುಗಿಸಲು ಯಾರೂ ಧೈರ್ಯ ಮಾಡಲಿಲ್ಲ. ಅನುಮತಿ ಬರುವ ಮೊದಲೇ ಒಲೆ ಹಚ್ಚಲಾಗಿ ಅರಗು ಕರಗಿ ಕೆಳಗಿಳಿದು, ಸದ್ಯ ಅಡುಗೆಕೋಣೆಯ ನೆಲ ಮಾತ್ರ ಭದ್ರವಾಗಿದೆ.

೨. ಅಳಿಸುವ ರಬ್ಬರನ್ನು ಬಳೆಯಂತೆ ಕತ್ತರಿಸಿ ವಾಷರ್ ಎಂದು ಹಾಕತಕ್ಕದ್ದಲ್ಲ. ಆ ಸಲದ ಬಿಯರ್ ಶಾಲಾ ಮಕ್ಕಳ ಕಂಪಾಸ್ ಪೆಟ್ಟಿಗೆಯ ವಾಸನೆ ಹೊಡೆಯುತ್ತಿದ್ದು, ಅದನ್ನು ಪೂರ್ತಿ ಕುಡಿದವರು ರಬ್ಬರ್ ಹಾಕಿದ ಲೆಕ್ಕಪತ್ರ ವಿಭಾಗದವರು ಮಾತ್ರ.

೩. ಜಾಯಿಂಟಿನ ನೇರಕ್ಕೆ ಕೆಳಮಹಡಿಯಲ್ಲಿ ನಿರ್ದೇಶಕರ ಕುರ್ಚಿ ಇದ್ದು, ಅರಗು ತಲುಪದ ನೆಲದ ಬಿರುಕಿನಿಂದ ಇಳಿದ ಹನಿಗಳು ಅವರ ತಲೆಯ ಕೂದಲುರಹಿತ ಭಾಗದ ಮೇಲೆ ಬೀಳುತ್ತಿವೆ. ಕುರ್ಚಿ ಸರಿಸುವ ಸಲಹೆಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ. ಈ ಇಲಾಖೆಯಲ್ಲಿ ಸರಿಸಿದ ಕುರ್ಚಿ ಮತ್ತೆ ಅದೇ ವ್ಯಕ್ತಿಗೆ ಸಿಕ್ಕ ನಿದರ್ಶನವಿಲ್ಲ. ಬದಲಿಗೆ ಛತ್ರಿ ಮಂಜೂರಾಗಿದೆ. ಛತ್ರಿ ಹಿಡಿದು ಸಹಿ ಹಾಕುತ್ತಿರುವ ಅಧಿಕಾರಿಯನ್ನು ಕಂಡು ಹೊರಗೆ ಮಳೆಯೇ ಎಂದು ವಿಚಾರಿಸುವುದನ್ನು ದುರ್ನಡತೆ ಎಂದು ಪರಿಗಣಿಸಲಾಗುವುದು.

೪. ಬೆಸುಗೆಯವರನ್ನು ಕರೆಸಿ ಸೀಸವಿಲ್ಲದ ಬೆಸುಗೆ ಹಾಕಿಸಿ, ಬಿಸಿ ತಡೆಯುವ ವಾಷರ್ ಇಟ್ಟು ನಟ್ಟು ಬಿಗಿದು, ನೀರು ಕುದಿಸಿ ನೋಡಲಾಗಿ ಒಂದು ಹನಿಯೂ ಸೋರಲಿಲ್ಲ. ಮರುದಿನ ಸೋರಿತು. ಮತ್ತೆ ಬಿಗಿಯಲಾಯಿತು, ಮತ್ತೆ ಸೋರಿತು. ಬೆಸುಗೆಯವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಬೆಸುಗೆ ಕಲ್ಲಿನ ಹಾಗಿದೆ ಸಾರ್. ನಟ್ಟು ತಾನಾಗೇ ಸಡಿಲ ಆಗಲ್ಲ. ನಿಮ್ಮೋರೇ ಯಾರೋ ಕೈಯಾಡಿಸ್ತಿದಾರೆ. ಸುಮ್ನೆ ನನ್ನ ತಲೆ ತಿನ್ಬೇಡಿ."

೫. ತರುವಾಯ ಮೇಜಿನ ಖಾನೆಗಳನ್ನು ತೆರೆಸಲಾಯಿತು. ರವಾನೆ ವಿಭಾಗದಲ್ಲಿ ಸ್ಪ್ಯಾನರ್, ಲೆಕ್ಕಪತ್ರ ವಿಭಾಗದಲ್ಲಿ ಸ್ಪ್ಯಾನರ್. ವಾಹನ ಚಾಲಕರ ಬಳಿ ಇದ್ದದ್ದು ಸಹಜ. ಗ್ರಂಥಪಾಲಕರ ಬಳಿ ಇದ್ದದ್ದು ಸಹಜವಲ್ಲ. ಛತ್ರಿ ಮಡಚುವಾಗ ಅದರೊಳಗಿಂದಲೂ ಒಂದು ಉದುರಿದ್ದು, ನಿರ್ದೇಶಕರು ಆ ಬಗ್ಗೆ ವಿವರಣೆ ನೀಡಲು ನಿರಾಕರಿಸಿರುತ್ತಾರೆ. ಉಳಿದವರೆಲ್ಲರ ವಿವರಣೆ ಒಂದೇ: ಹಂಡೆ ಸೋರುತ್ತಿರುವ ತನಕ ಅಕ್ಕ ಹೋಗುವಂತಿಲ್ಲ.

೬. ಈ ವಿಷಯ ತಿಳಿದು ಅಕ್ಕನವರು ಸಭೆಯಲ್ಲಿ ನೀಡಿದ ಹೇಳಿಕೆ: "ನಿಮ್ಮ ಪ್ರೀತಿಗಿಷ್ಟು ಬೆಂಕಿ ಹಾಕ! ಅಲ್ಲಿ ನನ್ನ ತಂಗಿ ಒಬ್ಬಳೇ ಕಣ್ರೋ. ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ ದಿನಾ ನನಗೂ ಸೇರಿಸಿ ಅಡುಗೆ ಮಾಡಿ ಕಾಯ್ತಾಳೆ. ಬಿಗೀರಿ ಆ ನಟ್ಟು." ಇದಾದ ಮೇಲೆ ಸಭೆಯಲ್ಲಿ ಯಾರೂ ತಲೆ ಎತ್ತಿರುವುದಿಲ್ಲ. ಎಲ್ಲರಿಗೂ ನಾಚಿಕೆಯಾಗಿದೆ ಎಂದು ದಾಖಲಿಸಲಾಗಿದೆ.

೭. ಆದ್ದರಿಂದ ಎಲ್ಲ ಸ್ಪ್ಯಾನರ್‌ಗಳನ್ನು ಕೂಡಲೇ ಒಪ್ಪಿಸತಕ್ಕದ್ದು. ನಟ್ಟನ್ನು ಅಕ್ಕನವರೇ ಬಿಗಿಯತಕ್ಕದ್ದು. ಅವರು ಬಿಗಿದದ್ದನ್ನು ಸಡಿಲಿಸುವ ಎದೆಗಾರಿಕೆ ಈ ಕಚೇರಿಯಲ್ಲಿ ಯಾರಿಗೂ ಇಲ್ಲ. ಶುಕ್ರವಾರ ಸಂಜೆ ಬೀಳ್ಕೊಡುಗೆ. ಕೆಳಗೆ ಸಹಿ ಮಾಡಿದವರ ಭಾಷಣವನ್ನು ಸಾರ್ವಜನಿಕ ಹಿತದೃಷ್ಟಿಯಿಂದ ರದ್ದುಪಡಿಸಲಾಗಿದೆ.

(ಸಹಿ)
ಉಪನಿರ್ದೇಶಕರು (ಹಂಡೆ ಮತ್ತು ಇತರೆ)

ಪ್ರತಿಗಳು:

೧. ನಿರ್ದೇಶಕರ ಆಪ್ತ ಶಾಖೆಗೆ, ಛತ್ರಿ ಹಿಂದಿರುಗಿಸುವ ಕೋರಿಕೆಯೊಂದಿಗೆ.
೨. ರವಾನೆ ವಿಭಾಗಕ್ಕೆ. ಈ ಪ್ರತಿಗೆ ಅರಗು ಹಾಕತಕ್ಕದ್ದಲ್ಲ.
೩. ಗ್ರಂಥಪಾಲಕರಿಗೆ, ಹಂಡೆಯನ್ನು ವಹಿಸಿಕೊಳ್ಳಲು.
೪. ಅಕ್ಕನವರ ತಂಗಿಯವರಿಗೆ. ಅಕ್ಕನವರನ್ನು ಶನಿವಾರದ ಬಸ್ಸಿನಲ್ಲಿ ಕಳುಹಿಸಲಾಗುತ್ತಿದೆ. ತಡವಾಗಿದ್ದಕ್ಕೆ ಕ್ಷಮೆ ಇರಲಿ. ಅವರನ್ನು ಸುಸ್ಥಿತಿಯಲ್ಲಿ ಸ್ವೀಕರಿಸಿದ ಬಗ್ಗೆ ಈ ಕಚೇರಿಗೆ ರಸೀದಿ ಕಳುಹಿಸತಕ್ಕದ್ದು.