ಪೆರು ದೇಶಕ್ಕೊಂದು ಒಗ್ಗರಣೆ

ಹೋಟೆಲಿನಲ್ಲಿ ಅಮ್ಮ ಹಸಿ ಮೀನಿನ ತಟ್ಟೆ ಕಂಡು ಎದ್ದುಬಿಡಬಹುದಿತ್ತು. ಬೆಳ್ಳುಳ್ಳಿ ವಾಸನೆಗೆ ಬಾಗಿಲಿನಿಂದಲೇ ಹಿಂದಿರುಗಬಹುದಿತ್ತು. ಅಮ್ಮ ಎದ್ದರೆ ಮಗಳು ಅಳಬಹುದಿತ್ತು, ಮಗಳು ಅತ್ತರೆ ಹೆಂಡತಿ ಏನೂ ಹೇಳದೆ ನನ್ನನ್ನು ನೋಡಬಹುದಿತ್ತು. ಬರುವಾಗ ಆಟೋ ಸಿಗದೆ ಹೆದ್ದಾರಿಯಲ್ಲಿ ಟೊಮೆಟೊ ಲಾರಿಗಳಿಗೆ ಕೈ ಅಡ್ಡ ಹಿಡಿಯಬೇಕಾಗಬಹುದಿತ್ತು. ಆಗದೇ ಇರುವುದನ್ನೆಲ್ಲ ಮುಂಗಡವಾಗಿ ಅನುಭವಿಸಿ ಮುಗಿಸುವುದು ನನ್ನ ಸ್ವಭಾವ. ತಾಳಿ ಕಟ್ಟುವಾಗಲೂ ಚಪ್ಪರ ಬಿದ್ದೀತೇ ಎಂದು ಮೇಲೆ ನೋಡುತ್ತಿದ್ದೆ. ಮದುವೆಯ ಫೋಟೋದಲ್ಲಿ ಇವತ್ತಿಗೂ ಮೇಲೆಯೇ ನೋಡುತ್ತಿದ್ದೇನೆ.

ಕೋಲಾರದ ಹೊರಗೆ ಹೊಸದಾಗಿ ತೆರೆದಿದ್ದ ಹೋಟೆಲಿನವರು ‘ಪೆರು ದೇಶದ ಊಟ’ ಎಂದು ಬ್ಯಾನರು ಕಟ್ಟಿದ್ದರು. ಮಗಳಿಗೆ ಹುಟ್ಟುಹಬ್ಬಕ್ಕೆ ಅದೇ ಬೇಕು, ಅದೂ ಅಜ್ಜಿಯ ಜೊತೆಗೇ ಬೇಕು. ಅಜ್ಜಿ ಎಂದರೆ ಮುಳಬಾಗಿಲಿನಿಂದ ಬಂದಿದ್ದ ನನ್ನ ಅಮ್ಮ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟದವಳು. ಅವಳು ಹಸಿದುಕೊಂಡು ಎದ್ದರೆ ಹುಟ್ಟುಹಬ್ಬ ಅಲ್ಲಿಗೆ ಮುಗಿದ ಹಾಗೆ. ಆದ್ದರಿಂದ ಯಾರಿಗೂ ಹೇಳದೆ ಒಂದು ಡಬ್ಬಿ ಮೊಸರನ್ನ ಕಲಸಿ ಚೀಲದ ತಳದಲ್ಲಿಟ್ಟುಕೊಂಡೆ.

ಮೊದಲು ಬಂದದ್ದು ಬೇಯಿಸಿ ಹಿಸುಕಿದ ಆಲೂಗಡ್ಡೆ. ಅದಕ್ಕೆ ನಿಂಬೆರಸ, ಹಸಿಮೆಣಸಿನಕಾಯಿ. ಈರುಳ್ಳಿ ಹಾಕಿಲ್ಲ ತಾನೇ ಎಂದು ಕೇಳಿ ಬರಲು ಸಪ್ಲೈಯರನನ್ನು ನಾನು ಅಡುಗೆಮನೆಗೆ ಓಡಿಸುತ್ತಲೇ ಇದ್ದೆ. ಅಮ್ಮ ಬೆರಳ ತುದಿಯಲ್ಲಿ ರುಚಿ ನೋಡಿದಳು. ನನ್ನ ಕೈ ಚೀಲಕ್ಕೆ ಹೋಯಿತು.

“ಪಲ್ಯ ಚೆನ್ನಾಗೇ ಇದೆ ಕಣೋ. ಒಗ್ಗರಣೆ ಹಾಕೋದು ಮರ್ತಿದಾರೆ, ಪಾಪ.”

“ಅಜ್ಜಿ, ಅದು ಇರೋದೇ ಹಾಗೆ,” ಎಂದಳು ಮಗಳು.

“ಯಾಕೆ, ಸಾಸಿವೆ ಸಿಗಲ್ವೇನೇ ಆ ದೇಶದಲ್ಲಿ?”

ಸಪ್ಲೈಯರ್ ಆಂಧ್ರದ ಗಡಿಯವನು. ಅಮ್ಮ ತೆಲುಗಿಗೆ ಹೊರಳಿದಳು. “ನಾಯನಾ, ಕೊಂಚೆಂ ಪೋಪು ಪೆಟ್ಟಿ ತೀಸ್ಕೊನಿ ರಾ.” ಒಗ್ಗರಣೆ ಹಾಕಿಕೊಂಡು ಬಾ ಎಂದರೆ ಅವನೂ ಮನೆಯವನಂತೆ ತಟ್ಟೆ ಎತ್ತಿಕೊಂಡು ಹೋದ. ಅಡುಗೆಯವನು ಸೌಟು ಹಿಡಿದು ಹೊರಬರುವುದನ್ನು ನಾನು ಕಾಯುತ್ತಾ ಕೂತೆ. ಹೊರಬಂದದ್ದು ಇಂಗು, ಕರಿಬೇವಿನ ಘಮ. ಪಕ್ಕದ ಟೇಬಲಿನವರು, “ನಮಗೂ ಅದನ್ನೇ ಕೊಡಪ್ಪಾ,” ಎಂದರು. ಅಮ್ಮ ಇನ್ನೊಮ್ಮೆ ಬಡಿಸಿಕೊಂಡಳು. ಮಗಳು ಅಜ್ಜಿಯ ತಟ್ಟೆಯಿಂದಲೇ ತಿಂದಳು. ಹೊರಗೆ ಆಟೋ ಕೂಡ ನಿಂತಿತ್ತು.

ಮನೆಗೆ ಬಂದ ಮೇಲೆ ಹೊಟ್ಟೆ ಚುರುಗುಟ್ಟಿತು. ಎಲ್ಲರ ತಟ್ಟೆಗಳನ್ನೂ ಮೂಸುವ ಭರದಲ್ಲಿ ನಾನು ತಿಂದೇ ಇರಲಿಲ್ಲ. ಅಡುಗೆಮನೆಗೆ ಹೋಗಿ ಮೆಲ್ಲಗೆ ಡಬ್ಬಿ ತೆರೆದೆ. ಬಿಸಿಲಿಗೆ ಮೊಸರನ್ನ ಹುಳಿಯಾಗಿ ಹೋಗಿತ್ತು.

“ಯಾರಿಗ್ರೀ ಇದು?” ಹಿಂದೆ ಹೆಂಡತಿ ನಿಂತಿದ್ದಳು. ಡಬ್ಬಿ ಮೂಸಿದಳು. ಆಮೇಲೆ ಏನೂ ಹೇಳದೆ ನನ್ನನ್ನು ನೋಡಿದಳು.