ಮಾಸ್ಟರು ಕಾರಿಗೆ ಅಳತೆ ತೆಗೆದದ್ದು

ಮಾಸ್ಟರಿಗೆ ತಮ್ಮ ಕಾರಿನ ಮೇಲೆ ಎಷ್ಟು ಪ್ರೀತಿಯೋ ಅದರ ಚಕ್ರಗಳ ಮೇಲೆ ಅಷ್ಟೇ ಬೇಸರ. ಹಳೆಯ ಸ್ಪ್ರಿಂಗ್ ತೆಗೆಸಿ ಗಿಡ್ಡ ಸ್ಪ್ರಿಂಗ್ ಹಾಕಿಸಿ ಕಾರನ್ನು ಎರಡಿಂಚು ತಗ್ಗಿಸಿದ ಮೇಲಂತೂ ಈ ಬೇಸರ ಮಿತಿಮೀರಿತು. ಮೈಯೇನೋ ನೆಲಕ್ಕೆ ಹತ್ತಿರವಾಗಿ ಗತ್ತಿನಿಂದ ಕುಳಿತಿತ್ತು. ಅದರ ಕೆಳಗೆ ಮಾತ್ರ ಕಂಪನಿಯವರು ಕೊಟ್ಟ ಅದೇ ಸಣಕಲು ಚಕ್ರಗಳು. ದಿನವಿಡೀ ಜನರ ಮೈಗೆ ಬಟ್ಟೆ ಕೂರಿಸುವ ಮನುಷ್ಯ ಇದನ್ನು ಎಷ್ಟು ದಿನ ಸಹಿಸಿಯಾನು? "ಮೇಲೆ ಕೋಟು, ಕೆಳಗೆ ಚಡ್ಡಿ" ಎಂದು ಬೆಳಿಗ್ಗೆ ಬೆಳಿಗ್ಗೆ ಗೇಟಿನ ಬಳಿ ನಿಂತು ನಿಟ್ಟುಸಿರು ಬಿಡುತ್ತಿದ್ದರು.

(ಮಾಸ್ಟರು ಎಂದರೆ ಶಾಲೆಯ ಮಾಸ್ಟರಲ್ಲ, ಟೈಲರ್ ಮಾಸ್ಟರು. ಕೊರಳಲ್ಲಿ ಟೇಪು ಹಾಕಿಕೊಂಡೇ ಹುಟ್ಟಿದವರು ಎಂಬುದು ಅವರ ಅತ್ತೆಯ ಅಭಿಪ್ರಾಯ. ಊಟಕ್ಕೆ ಕೂತಾಗಲೂ ಅದನ್ನು ತೆಗೆಯುವುದಿಲ್ಲವಾದ್ದರಿಂದ ತಟ್ಟೆಯಲ್ಲಿ ಏನಿದೆಯೋ ಅದರ ರುಚಿಯನ್ನು ಮೊದಲು ಟೇಪಿನ ತುದಿಯೇ ನೋಡಿರುತ್ತದೆ.)

ಮಾಸ್ಟರ ಹೆಂಡತಿಗೆ ಲಾರಿ ತೂಗುವ ವೇಬ್ರಿಜ್‌ನಲ್ಲಿ ಕೆಲಸ. ಲೋಡು ತುಂಬಿದ ಲಾರಿಗಳು ಒಂದೊಂದಾಗಿ ಬಂದು ಆಕೆಯ ಕಿಟಕಿಯ ಮುಂದೆ ನಿಲ್ಲುತ್ತವೆ. ಎಷ್ಟೇ ದೊಡ್ಡ ಮೀಸೆಯ ಡ್ರೈವರಾದರೂ ಆಕೆ ಕೈಯಾಡಿಸುವವರೆಗೆ ಕದಲುವಂತಿಲ್ಲ. ಮನೆಯಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿ. ಗಂಡ ಅಳೆಯುವವರು, ಹೆಂಡತಿ ತೂಗುವವಳು. ಹಾಗಾಗಿ ಆ ಮನೆಯಲ್ಲಿ ಪ್ರತಿಯೊಂದು ಮಾತನ್ನೂ ಅಳೆದು ತೂಗಿಯೇ ಆಡಬೇಕಾಗಿತ್ತು. ಮೂರನೆಯವರು ಅತ್ತೆ, ಎಂದರೆ ಹೆಂಡತಿಯ ತಾಯಿ. ಅವರು ಅಳೆಯದೆ, ತೂಗದೆ, ಬಾಯಿಗೆ ಬಂದದ್ದನ್ನು ಹೇಳಿ ಹಾಯಾಗಿದ್ದರು.

ಒಂದು ಸಂಜೆ ಮಾಸ್ಟರು ನಾಲ್ಕು ಅಲಾಯ್ ಚಕ್ರಗಳನ್ನು ತಂದು ಹಜಾರದಲ್ಲಿ ಸಾಲಾಗಿ ಮಲಗಿಸಿದರು. ಬೂದು ಬಣ್ಣ, ಐದು ಕಡ್ಡಿ, ಕಂಪನಿಯ ಚಕ್ರಕ್ಕಿಂತ ಒಂದೂವರೆ ಇಂಚು ಹೆಚ್ಚು ಅಗಲ. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, ಚೆನ್ನಾಗಿದೆ ಎಂದು ಹೇಳಿ, ಮೊದಲನೆಯದರ ಮೇಲೆ ಚಹಾದ ಲೋಟ ಇಟ್ಟರು.

ಹೆಂಡತಿ ಚಪ್ಪಲಿ ಬಿಡುತ್ತಲೇ ನೋಡಿದಳು.

"ರೀ, ಇದೇನು?"

"ಚಕ್ರ."

"ಅದು ಕಾಣುತ್ತೆ. ನಮ್ಮನೇಲಿ ಯಾಕಿದೆ ಅಂತ ಕೇಳಿದ್ದು."

"ಕಾರಿಗೆ. ಇದರ ಮೇಲೆ ಸರಿಯಾದ ಅಗಲದ ಟೈರು ಕೂರಿಸಿಬಿಟ್ರೆ, ನೋಡ್ತಿರು, ಬೀದಿ ಬೀದಿಯೇ ತಿರುಗಿ ನೋಡುತ್ತೆ."

"ಈಗಾಗಲೇ ನೋಡ್ತಿದೆಯಲ್ಲ. ಅಮ್ಮ ಆ ಕಾರಿಂದ ಇಳಿಯೋವಾಗ ನಾನು ಎರಡು ಕೈ ಹಿಡಿದು ಎಳೀತೀನಿ, ನೀವು ಹಿಂದಿಂದ ತಳ್ತೀರಿ. ನೋಡದೆ ಇರ್ತಾರಾ?"

ಹೆಂಡತಿ ಚಕ್ರವನ್ನು ಕಾಲಿನಿಂದ ಒಮ್ಮೆ ಮುಟ್ಟಿ ನೋಡಿ, ತೀರ್ಪು ಹೇಳಿದಳು. ಬರುವ ಭಾನುವಾರ ಆಕೆಯ ತಂಗಿಯ ಮನೆಯಲ್ಲಿ ಮಧ್ಯಾಹ್ನದ ಊಟ. ತಂಗಿಯ ಗಂಡನ ಬಳಿ ಏಣಿಯಿಟ್ಟು ಹತ್ತಬೇಕಾದಷ್ಟು ಎತ್ತರದ ಕಾರಿದೆ. ಆತ ಪ್ರತಿಸಲವೂ ಫೋನು ಮಾಡಿ, "ಅಣ್ಣ, ಆ ಕಾರಲ್ಲಿ ಯಾಕೆ ಕಷ್ಟಪಡ್ತೀರಿ, ನಾನೇ ಬಂದು ಕರ್ಕೊಂಡು ಬರ್ತೀನಿ" ಎನ್ನುತ್ತಾನೆ. ಆ ಮಾತು ಕೇಳಿದಾಗಲೆಲ್ಲ ಮಾಸ್ಟರಿಗೆ ಸೂಜಿ ಚುಚ್ಚಿದಂತಾಗುತ್ತದೆ.

"ಭಾನುವಾರ ಮೂವರೂ ಕೂತು ಈ ಚಕ್ರದಲ್ಲೇ ಹೋಗೋಣ" ಎಂದಳು ಹೆಂಡತಿ. "ದಾರೀಲಿ ಚಕ್ರ ಎಲ್ಲೂ ಉಜ್ಜಬಾರದು, ಸದ್ದು ಮಾಡಬಾರದು. ಸದ್ದು ಬಂತೋ, ಸೋಮವಾರ ಇವು ಹೋದವು, ಹಳೇ ಚಕ್ರ ಬಂತು. ಹಳೇ ಸ್ಪ್ರಿಂಗೂ ಬಂತು. ಆಮೇಲೆ ಕಣ್ಣಲ್ಲಿ ನೀರು ಹಾಕ್ಕೊಂಡು ನನ್ನ ಮುಂದೆ ಬರಬೇಡಿ."

"ಒಪ್ಪಿದೆ" ಎಂದರು ಮಾಸ್ಟರು. ಅಳತೆಯ ವಿಷಯದಲ್ಲಿ ತಮ್ಮನ್ನು ಸೋಲಿಸುವವರು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ ಎಂಬ ಧೈರ್ಯ ಅವರಿಗಿತ್ತು.

ಮರುದಿನ ಟೈರಂಗಡಿಗೆ ಹೋದರು. ಅಂಗಡಿಯ ಮಾಲೀಕ ಯಾರು ಏನು ಹೇಳಿದರೂ ಹೂಂ ಎನ್ನುವ ಸಜ್ಜನ. ಈ ಚಕ್ರಕ್ಕೆ ಮೂರು ಅಗಲದ ಟೈರುಗಳು ಕೂರುತ್ತವೆ ಎಂದು ಹೇಳಿ ಮೂರನ್ನೂ ಇಳಿಸಿ ಮುಂದಿಟ್ಟ: ಇನ್ನೂರೈದು ಮಿಲಿಮೀಟರಿನದು, ಇನ್ನೂರ ಹದಿನೈದರದು, ಇನ್ನೂರ ಇಪ್ಪತ್ತೈದರದು.

"ಯಾವುದು ಸರಿ?" ಎಂದರು ಮಾಸ್ಟರು.

"ಮೂರೂ ಸರೀನೇ ಸಾರ್."

"ಇನ್ನೂರೈದು ಹಾಕಿದ್ರೆ ಸ್ವಲ್ಪ ಎಳೆದು ಕಟ್ಟಿದ ಹಾಗಿರುತ್ತಲ್ಲ? ಚಕ್ರದ ಅಂಚು ಹೊರಗೆ ಕಾಣುತ್ತೆ, ಫುಟ್‌ಪಾತಿಗೆ ತಗುಲಿದ್ರೆ ಗೀರು ಬೀಳುತ್ತೆ."

"ಹೌದು ಸಾರ್, ಗೀರು ಬೀಳುತ್ತೆ."

"ಇಪ್ಪತ್ತೈದು ಹಾಕಿದ್ರೆ ಹೊಟ್ಟೆ ಹೊರಗೆ ಬಂದಂಗಾಗುತ್ತೆ. ಕಾರು ಬೇರೆ ತಗ್ಗಿಸಿದೆ. ಮೇಲಿನ ತಗಡಿಗೆ ಉಜ್ಜುತ್ತೆ."

"ಉಜ್ಜೇ ಉಜ್ಜುತ್ತೆ ಸಾರ್."

"ಮತ್ತೆ ಮೂರೂ ಸರಿ ಅಂದ್ರಿ?"

"ನೀವು ಹೇಳೋದೂ ಸರೀನೇ ಸಾರ್."

ಮಾಸ್ಟರಿಗೆ ಆ ಮನುಷ್ಯನ ಮೇಲೆ ಅಪಾರ ಗೌರವ ಹುಟ್ಟಿತು. ಮನೆಯಲ್ಲಿ ಅವರ ಮಾತಿಗೆ ಇಷ್ಟೊಂದು ಹೂಂಗುಟ್ಟಿದವರು ಯಾರೂ ಇರಲಿಲ್ಲ. ಅವರು ನಡುವಿನದನ್ನು ಪ್ರೀತಿಯಿಂದ ಸವರಿದರು. ಮೈಗೆ ಅಂಟಿಯೂ ಇಲ್ಲ, ಜೋಲಾಡುವುದೂ ಇಲ್ಲ. ಆದರೂ ಹಾಗೇ ನಂಬುವ ಪೈಕಿ ಅವರಲ್ಲ. ನಾಲ್ಕೂ ಚಕ್ರಕ್ಕೆ ಇನ್ನೂರ ಹದಿನೈದು ಕೂರಿಸಿಕೊಂಡು, ಪರೀಕ್ಷೆ ಮಾಡಿ ಹೇಳುತ್ತೇನೆಂದು ಅಂಗಡಿಯ ಅಂಗಳದಲ್ಲೇ ಕಾರಿಗೆ ಹಾಕಿಸಿದರು.

ಪರೀಕ್ಷೆಯ ಕ್ರಮವನ್ನು ಅವರು ಹಿಂದಿನ ದಿನವೇ ಯೋಚಿಸಿಟ್ಟಿದ್ದರು. ಖಾಲಿ ಕಾರಿಗೆ ಅಳತೆ ತೆಗೆಯುವುದು ಉಸಿರು ಬಿಗಿಹಿಡಿದ ಗಿರಾಕಿಯ ಸೊಂಟ ಅಳೆದಂತೆ. ಆಮೇಲೆ ಗುಂಡಿ ಹಾರಿಹೋಗುವುದು ಖಂಡಿತ. ಆದ್ದರಿಂದ ಜನ ಕೂತಾಗ ಕಾರು ಎಷ್ಟು ಕುಸಿಯುತ್ತದೆಂದು ನೋಡಬೇಕು. ಆದರೆ ಅತ್ತೆಯನ್ನು ಟೈರಂಗಡಿಗೆ ಕರೆದು ಕೂರಿಸಿ, "ಈಗ ನೋಡಿ, ಇಷ್ಟು ಕುಸಿಯಿತು" ಎನ್ನುವ ಗಂಡಸು ಎಲ್ಲಿದ್ದಾನೆ? ಅತ್ತೆಯ ತೂಕವನ್ನು ಅವರು ಕಣ್ಣಳತೆಯಲ್ಲೇ ಲೆಕ್ಕ ಹಾಕಿ, ಮೇಲೆ ಧಾರಾಳವಾಗಿ ಹತ್ತು ಕಿಲೋ ಸೇರಿಸಿ, ಅಷ್ಟು ಬಟ್ಟೆಯ ಥಾನುಗಳನ್ನು ತಮ್ಮ ಹೊಲಿಗೆಯಂಗಡಿಯಿಂದ ಹೊತ್ತು ತಂದು ಹಿಂದಿನ ಸೀಟಿನಲ್ಲಿ ತುಂಬಿದರು. ಹೆಂಡತಿಯ ಸ್ಥಾನದಲ್ಲಿ, ಎಂದರೆ ಮುಂದಿನ ಸೀಟಿನಲ್ಲಿ, ಹೊಲಿಗೆಯ ಮಷಿನ್ ಇಟ್ಟು ಬೆಲ್ಟು ಬಿಗಿದರು. ಆಮೇಲೆ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ಪ್ರತಿ ಚಕ್ರದ ಮುಂದೆ ಮಂಡಿಯೂರಿ, ಟೈರಿಗೂ ತಗಡಿಗೂ ನಡುವೆ ಟೇಪು ಹಿಡಿದು, ಕೊನೆಗೆ ತಮ್ಮ ತೋರುಬೆರಳನ್ನು ತೂರಿಸಿ ನೋಡಿದರು. ಬೆರಳು ಸರಾಗವಾಗಿ ಆಡಿತು. ನಾಲ್ಕೂ ಕಡೆ ಒಂದು ಬೆರಳು ಸಡಿಲ! ಕೋಟಿನ ಕಂಕುಳಿಗೆ ಅವರು ಬಿಡುವುದೂ ಇಷ್ಟೇ.

"ಹೇಗೆ?" ಎಂದು ಎದ್ದುನಿಂತು ಕೇಳಿದರು.

"ಹೀಗೇ ಸಾರ್" ಎಂದ ಮಾಲೀಕ.

ಭಾನುವಾರ ಬಂತು. ನಾಲ್ಕೂ ಹೊಸ ಚಕ್ರ ತೊಟ್ಟು ಗೇಟಿನ ಮುಂದೆ ನಿಂತ ಕಾರು ನಿಜಕ್ಕೂ ಚೆನ್ನಾಗಿತ್ತು; ಹೆಂಡತಿ ಕೂಡ ಒಂದು ಕ್ಷಣ ನಿಂತು ನೋಡಿ, ನೋಡಿಯೇ ಇಲ್ಲವೆಂಬಂತೆ ಬೀಗ ಹಾಕಲು ಹೋದಳು. ಅತ್ತೆ ಹಿಂದೆ ಇಳಿದು ಕೂತರು (ಆ ಕಾರಿಗೆ ಹತ್ತುವುದು ಎನ್ನುವಂತಿಲ್ಲ). ಹೆಂಡತಿ ಮುಂದೆ. ಮಾಸ್ಟರು ಸ್ಟೀರಿಂಗ್ ಹಿಡಿದರು.

ಮೊದಲ ತಿರುವಿನಲ್ಲಿ ಎಲ್ಲಿಂದಲೋ "ಸರ್ರ್" ಎಂದಿತು.

"ಬಂತು" ಎಂದಳು ಹೆಂಡತಿ.

"ಏನು ಬಂತು? ತಿರುವು ಬಂತು."

"ಸದ್ದು ಬಂತು."

"ಹೊಸ ಟೈರು ಕಣೇ. ಹೊಸ ಚಪ್ಪಲಿ ಎರಡು ದಿನ ಕೀಚ್ ಅನ್ನಲ್ವಾ?"

ಎರಡನೆಯ ತಿರುವಿನಲ್ಲಿ ಇನ್ನೂ ಉದ್ದನೆಯ "ಸರ್ರ್ರ್". ಮಾಸ್ಟರು ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ, ತಾವು ಆಡಬಾರದ ಮಾತನ್ನು ಆಡಿಯೇಬಿಟ್ಟರು.

"ಅತ್ತೆ, ತಪ್ಪು ತಿಳೀಬೇಡಿ... ಸ್ವಲ್ಪ ಆ ಕಡೆ ಸರೀತೀರಾ?"

ಹೆಂಡತಿ ನಿಧಾನವಾಗಿ ಅವರತ್ತ ತಿರುಗಿದಳು. ಅತ್ತೆ ಮಾತ್ರ ನಕ್ಕುಬಿಟ್ಟರು.

"ನೇರವಾಗಿ ಹೇಳಿ ಅಳಿಯಂದಿರೇ. ನಾನು ಭಾರ ಆದೆ ಅಂತ ತಾನೆ? ನಿಲ್ಲಿಸಿ, ಇಳೀತೀನಿ. ಒಂದು ಸುತ್ತು ಹಾಕಿ ಬನ್ನಿ, ಗೊತ್ತಾಗಿಬಿಡಲಿ."

ಎಂದಿನಂತೆ ಒಬ್ಬರು ಎಳೆದು ಒಬ್ಬರು ತಳ್ಳಿದ ಮೇಲೆ ಅತ್ತೆ ಇಳಿದರು. ಅಲ್ಲೇ ಇದ್ದ ಉದ್ಯಾನದ ಬೆಂಚಿನ ಮೇಲೆ ಕೈಚೀಲ ಮಡಿಲಲ್ಲಿಟ್ಟುಕೊಂಡು ನ್ಯಾಯಾಧೀಶರಂತೆ ಕೂತರು. ಮಾಸ್ಟರು ಉದ್ಯಾನಕ್ಕೆ ಒಂದು ಸುತ್ತು ಹಾಕಿದರು. ಸರ್ರ್. ಪ್ರತಿ ತಿರುವಿಗೂ ಸರ್ರ್. ಸದ್ದು ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

"ಅಮ್ಮನ ಮೇಲೆ ಹೊರಿಸಿದ್ರಲ್ಲ" ಎಂದಳು ಹೆಂಡತಿ. "ಇಳೀರಿ. ನಾನು ಓಡಿಸ್ತೀನಿ, ನೀವು ಹಿಂದೆ ಕೂತು ಎಲ್ಲಿಂದ ಬರ್ತಿದೆ ಕೇಳಿ."

ಅತ್ತೆ ಮುಂದಿನ ಸೀಟಿಗೆ ಬಂದರು, ಹೆಂಡತಿ ಸ್ಟೀರಿಂಗ್ ಹಿಡಿದಳು, ಮಾಸ್ಟರು ಹಿಂದೆ ಎಡಗಡೆ ಕೂತರು. ತಿರುವು ಬಂತು, ಮುಂದಿನ ಚಕ್ರಗಳು ಮೌನವ್ರತ ಹಿಡಿದಿದ್ದವು. ಮಾಸ್ಟರಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ರಸ್ತೆಯ ಒಂದು ಸಣ್ಣ ಉಬ್ಬು. ಹಿಂದಿನ ಎಡ ಚಕ್ರ, ಅವರ ಆಸನದ ನೇರ ಕೆಳಗೆ, "ಗರ್ರ್" ಎಂದಿತು. ಅವರು ಸದ್ದಿಲ್ಲದೆ ಬಲಕ್ಕೆ ಸರಿದರು. ಮುಂದಿನ ಉಬ್ಬಿಗೆ ಬಲ ಚಕ್ರ "ಗರ್ರ್" ಎಂದಿತು. ನಡುವೆ ಬಂದು ಕೂತರು. ಎರಡೂ ಒಟ್ಟಿಗೆ ಎಂದವು.

ಹೆಂಡತಿ ಕಾರನ್ನು ಒಂದು ಬಸ್ ಸ್ಟಾಪಿನ ಪಕ್ಕ ನಿಲ್ಲಿಸಿದಳು. ಕಿಟಕಿಯ ಮುಂದೆ ಬಂದು ನಿಂತ ಲಾರಿಯನ್ನು ನೋಡುವ ದೃಷ್ಟಿಯಲ್ಲಿ ಗಂಡನನ್ನು ನೋಡಿದಳು.

"ರೀ, ಸದ್ದು ನಿಮ್ಮ ಜೊತೇಲೇ ಓಡಾಡ್ತಿದೆ."

"ಅದ್ಹೇಗಾಗುತ್ತೆ? ಎಲ್ಲಾ ಭಾರ ಇಟ್ಟು ಅಳೆದಿದ್ದೀನಿ. ಅತ್ತೆ ಜಾಗಕ್ಕೆ ಥಾನು, ನಿನ್ನ ಜಾಗಕ್ಕೆ ಮಷಿನ್."

"ನಿಮ್ಮ ಜಾಗಕ್ಕೆ?"

"ನನ್ನ ಜಾಗಕ್ಕೆ..." ಮಾಸ್ಟರು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನಾನು ಹೊರಗೆ ಅಳೀತಿದ್ದೆನಲ್ಲ."

ಅತ್ತೆಯ ಭುಜಗಳು ಅಲುಗತೊಡಗಿದವು. ಹೆಂಡತಿ ಮಾತ್ರ ನಗಲಿಲ್ಲ. ಆಕೆಗೆ ತನ್ನ ಗಂಡನ ಇನ್ನೊಂದು ಗುಣವೂ ಗೊತ್ತಿತ್ತು. ಊರಿನವರಿಗೆಲ್ಲ ಅಳತೆ ತೆಗೆಯುವ ಈ ಮನುಷ್ಯ ಮದುವೆಯ ಪ್ಯಾಂಟು ಹೊಲಿದುಕೊಂಡ ಮೇಲೆ ತನಗೆ ತಾನು ಟೇಪು ಸುತ್ತಿಕೊಂಡದ್ದೇ ಇಲ್ಲ. ಪ್ಯಾಂಟು ಬಿಗಿಯಾದಾಗಲೆಲ್ಲ "ಈ ಬಟ್ಟೆ ಒಗೆದ್ರೆ ಕುಗ್ಗುತ್ತೆ" ಎಂದು ಬಟ್ಟೆಗೆ ಬೈದು, ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳುವುದು ಅವರ ಕ್ರಮ. ಈಗ ಬಿಚ್ಚಲು ಕಾರಿನ ತಗಡಿಗೆ ಹೊಲಿಗೆಯಿರಲಿಲ್ಲ.

"ಸರಿ" ಎಂದಳು ಹೆಂಡತಿ. "ಮಾತು ಅಂದ್ರೆ ಮಾತು. ಸೋಮವಾರ ಚಕ್ರ ಬಿಚ್ಚಿಸಿ."

ಮಾಸ್ಟರ ಕಣ್ಣ ಮುಂದೆ ಆ ಸಣಕಲು ಚಕ್ರಗಳು ಬಂದು ನಿಂತವು, ಅವುಗಳ ಹಿಂದೆಯೇ ಷಡ್ಡಕನ ಫೋನು. ಆ ಸಂಕಟದಲ್ಲಿ ಅವರ ತಲೆಗೆ ಒಂದು ವಾದ ಹೊಳೆಯಿತು. ಬೇರೆ ಯಾವ ಗಂಡನೂ ಅಂಥದೊಂದು ವಾದವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ನೀನು ಹೇಳಿದ್ದೇನು? ಚಕ್ರ ಸದ್ದು ಮಾಡಿದ್ರೆ ಬಿಚ್ಚಿಸಬೇಕು ಅಂತ. ಚಕ್ರದ್ದೇನು ತಪ್ಪಿದೆ? ಸದ್ದು ಮಾಡಿಸ್ತಿರೋದು ನಾನು."

ಹೆಂಡತಿ ಇದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ತೂಗಿ ನೋಡಿದಳು.

"ಅಂದ್ರೆ, ನೀವು ಇಳಿದ್ರೆ ಚಕ್ರ ಉಳ್ಕೊಳ್ಳುತ್ತೆ."

"ಹಾಗಂದುಕೋ."

"ಬಸ್ಸಲ್ಲಿ ಬರ್ತೀರಾ?"

"ಬರ್ತೀನಿ."

"ಪಾಪ" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಊಟಕ್ಕೆ ಕಾಯ್ತೀವಿ ಅಳಿಯಂದಿರೇ. ನಿಧಾನವಾಗಿ ಬನ್ನಿ."

ಮಾಸ್ಟರು ಇಳಿದರು. ಇಳಿಯುತ್ತಿದ್ದಂತೆ ಕಾರು ಮೆಲ್ಲಗೆ ಮೈ ಎತ್ತಿಕೊಂಡಿತು, ಒಂದು ದೊಡ್ಡ ಉಸಿರು ಬಿಟ್ಟವರ ಹಾಗೆ. ಅದನ್ನು ಕಂಡು ಅವರಿಗೆ ಅವಮಾನವಾಯಿತು. ಟೈರಂಗಡಿಯಲ್ಲಿ ಹತ್ತು ಮಿಲಿಮೀಟರು ಕಡಿಮೆಯದನ್ನು ಆರಿಸಿದ್ದರೆ ತಾವೂ ಒಳಗಿರುತ್ತಿದ್ದರು ಎಂದು ಲೆಕ್ಕ ಹಾಕಿದರು. ಆದರೆ ಹೆಂಡತಿ ಗೇರು ಹಾಕಿ ಮುಂದೆ ಹೋದಳು ನೋಡಿ, ಮಾಸ್ಟರು ಎಲ್ಲ ಮರೆತರು. ಕಾರು ಕೊಂಡಾಗಿನಿಂದ ಅದು ಓಡುವುದನ್ನು ಅವರು ಹೊರಗೆ ನಿಂತು ನೋಡಿದ್ದೇ ಇಲ್ಲ. ಯಾವಾಗಲೂ ಒಳಗೇ ಇದ್ದವರು. ನೆಲವನ್ನು ಸವರಿಕೊಂಡು, ಐದು ಕಡ್ಡಿಗಳು ಬಿಸಿಲಿಗೆ ಮಿಂಚುತ್ತ, ಟೈರು ಚಕ್ರಕ್ಕೆ ಎಲ್ಲಿ ಮುಗಿಯಬೇಕೋ ಅಲ್ಲಿ ಸರಿಯಾಗಿ ಮುಗಿದು, ರಸ್ತೆಯ ಉಬ್ಬನ್ನು ಚೂರೂ ಸದ್ದಿಲ್ಲದೆ ದಾಟಿ ಹೋಯಿತು. ಅಳತೆ ಎಂದರೆ ಅದು. ಅವರ ಎದೆ ತುಂಬಿ ಬಂತು.

ಸ್ಟಾಪಿನ ಬೆಂಚಿನಲ್ಲಿ ಕೂತು ಪತ್ರಿಕೆಯಲ್ಲಿ ಮುಳುಗಿದ್ದ ಹಿರಿಯರೊಬ್ಬರು ಆಗಷ್ಟೇ ತಲೆಯೆತ್ತಿ, ಕತ್ತು ಚಾಚಿ ಕಾರು ಕಣ್ಮರೆಯಾಗುವವರೆಗೂ ನೋಡಿದರು.

"ಎಂಥಾ ಗಾಡಿ ಅಲ್ವಾ!" ಎಂದರು. "ಚಕ್ರ ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಯಾರೋ ಪುಣ್ಯಾತ್ಮ ಕೂತು ಯೋಚಿಸಿ ಮಾಡಿಸಿದ್ದಾನೆ."

ಮಾಸ್ಟರಿಗೆ ಇನ್ನೇನು ಬೇಕು? ಎದೆಯುಬ್ಬಿಸಿ, ಕೊರಳಿನ ಟೇಪು ಸರಿಪಡಿಸಿಕೊಂಡು, ಅವರ ಪಕ್ಕಕ್ಕೆ ಹೋಗಿ ಕೂತು, ತಗ್ಗಿದ ದನಿಯಲ್ಲಿ ಹೇಳಿದರು: "ಅದು ನನ್ನ ಕಾರು. ಆ ಚಕ್ರ ಉಳಿಸ್ಕೊಳ್ಳೋಕೆ ಅಂತಾನೇ ನಾನು ಈಗ ಅದರಿಂದ ಇಳಿದಿದ್ದು."

ಹಿರಿಯರು ಮಾಸ್ಟರ ಮುಖವನ್ನು ನೋಡಿದರು. ಕೊರಳಲ್ಲಿ ಜೋತಾಡುತ್ತಿದ್ದ ಟೇಪನ್ನು ನೋಡಿದರು. ಆಮೇಲೆ ತುಂಬ ಮೃದುವಾಗಿ "ಹೌದು, ಹೌದು" ಎಂದು ಹೇಳಿ, ತಮ್ಮ ಚೀಲವನ್ನು ಎತ್ತಿ ಆಚೆ ಬದಿಗೆ ಇಟ್ಟುಕೊಂಡು, "ಮನೆಯವರು ಯಾರಾದ್ರೂ ಜೊತೇಲಿ ಬಂದಿದ್ದಾರಾ?" ಎಂದು ಕೇಳಿದರು.